ಗ್ರ್ಯಾಂಡ್ ಕ್ಯಾನ್ಯನ್ ತಳದಲ್ಲಿ ಬಿಡಾರ: ಪರ್ಮಿಟ್‌ಗಿಂತ ಮೊದಲು ತಿಂಗಳು ಗೊತ್ತಾಗಲಿ

ಪ್ರಶ್ನೆ: ನಾವು ಅರಿಜೋನಾದ ಚಾಂಡ್ಲರ್‌ನಲ್ಲಿರುವ ಮೂರು ಮನೆಯವರು, ಮಕ್ಕಳೂ ಸೇರಿ ಎಂಟು ಜನ. ಗ್ರ್ಯಾಂಡ್ ಕ್ಯಾನ್ಯನ್ನಿನ ತಳದಲ್ಲಿರುವ ಬ್ರೈಟ್ ಏಂಜೆಲ್ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಉಳಿಯಬೇಕೆಂಬುದು ಬಹಳ ದಿನಗಳ ಆಸೆ. ಏಪ್ರಿಲ್ ತಿಂಗಳಿಗೆಂದು ಲಾಟರಿಗೆ ಅರ್ಜಿ ಹಾಕಿದ್ದೆವು, ಬರಲಿಲ್ಲ. ಎಚ್-1ಬಿ ವೀಸಾದವರಿಗೆ ಪರ್ಮಿಟ್ ಸಿಗುವುದು ಕಷ್ಟವೆಂದು ಗೆಳೆಯರೊಬ್ಬರು ಹೇಳಿದರು. ಜೂನ್‌ನಲ್ಲಿ ಜಾಗ ಖಾಲಿ ಇರುತ್ತದೆ, ಅದೂ ಆಗದಿದ್ದರೆ ಬೆಳಗಿನ ಜಾವ ಇಳಿದು ಸಂಜೆಗೆ ಹತ್ತಿ ಬಂದುಬಿಡಿ, ಅದಕ್ಕೆ ಪರ್ಮಿಟ್ಟೇ ಬೇಡ ಎಂದು ಇನ್ನೊಬ್ಬರ ಸಲಹೆ. ಮೈಸೂರಿನಿಂದ ಬಂದಿರುವ ನಮ್ಮ ಮಾವನವರಿಗೆ 64 ವರ್ಷ. ಊರಿನಲ್ಲಿದ್ದಾಗ ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಹಿಂದೆ ಕುಮಾರಪರ್ವತವನ್ನೂ ಹತ್ತಿದ್ದಾರೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ನವೆಂಬರ್ ಕೊನೆಯವರೆಗೆ ಇಲ್ಲಿರುತ್ತಾರೆ. ಅವರನ್ನು ಕರೆದುಕೊಂಡು ಹೋಗಬಹುದೇ? ಎಷ್ಟು ನೀರು ಹೊರಬೇಕು?

ಉತ್ತರ: ನಿಮ್ಮ ಪತ್ರದಲ್ಲಿರುವ ಆತಂಕಗಳು ಎರಡು: ಪರ್ಮಿಟ್ ಸಿಗುವುದೋ ಇಲ್ಲವೋ, ಸಿಕ್ಕರೆ ಮಾವನವರು ಕ್ಷೇಮವಾಗಿ ಮೇಲೆ ಬರುವರೋ ಇಲ್ಲವೋ. ಮೊದಲನೆಯದು ಕಾಗದಪತ್ರದ ಕೆಲಸ, ಎರಡನೆಯದು ಮೈಯ ಕೆಲಸ ಎಂದು ಹೆಚ್ಚಿನವರು ಬೇರೆ ಮಾಡಿ ನೋಡುತ್ತಾರೆ. ಈ ಕಣಿವೆಗೆ ಗುಂಪುಗಳನ್ನು ಕರೆದೊಯ್ಯುವುದು, ಆಸ್ಪತ್ರೆ ದೂರವಿರುವ ಕಡೆ ಕೊಡಬೇಕಾದ ಪ್ರಥಮ ಚಿಕಿತ್ಸೆಯನ್ನು ಕಲಿಸುವುದು ನನ್ನ ವೃತ್ತಿ. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಅರ್ಜಿಯಲ್ಲಿ ಯಾವ ತಿಂಗಳು, ಎಷ್ಟು ಜನ, ಯಾವ ರಾತ್ರಿ ಯಾವ ಬಿಡಾರ ಎಂದು ತುಂಬುತ್ತೀರೋ ಅದರಲ್ಲಿಯೇ ತಯಾರಿಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಉಳಿದ ಕಾಲು ಭಾಗ ಬೂಟು, ಚೀಲ, ಉಪ್ಪು, ನೀರು.

ವೀಸಾದ ಮಾತನ್ನು ಮೊದಲು ಬದಿಗಿಡೋಣ. ಕಣಿವೆಯೊಳಗೆ ರಾತ್ರಿ ಉಳಿಯಲು ಬೇಕಾದ ಬ್ಯಾಕ್‌ಕಂಟ್ರಿ ಪರ್ಮಿಟ್‌ಗೂ ನಿಮ್ಮ ಪೌರತ್ವಕ್ಕೂ ಸಂಬಂಧವಿಲ್ಲ. ಪ್ರವಾಸಿ ವೀಸಾದ ಮೇಲೆ ಬಂದವರೂ ಅರ್ಜಿ ಹಾಕಬಹುದು. ವ್ಯತ್ಯಾಸ ಇರುವುದು ಪ್ರವೇಶ ಶುಲ್ಕದಲ್ಲಿ ಮಾತ್ರ: 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದವರಿಗೆ ಗ್ರ್ಯಾಂಡ್ ಕ್ಯಾನ್ಯನ್ ಸೇರಿ 11 ಪಾರ್ಕುಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಮಾವನವರ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಿ.

ನಿಮಗೆ ಏಪ್ರಿಲ್ ಸಿಗದಿರಲು ಕಾರಣ ಸರಳವಾದುದು. ಏಪ್ರಿಲ್ ಮತ್ತು ಅಕ್ಟೋಬರ್ ಎಲ್ಲರೂ ಬಯಸುವ ತಿಂಗಳುಗಳು, ಅದರ ಮೇಲೆ ನೀವು ಎಂಟು ಜನ. ಪಾರ್ಕಿನ ಲೆಕ್ಕದಲ್ಲಿ ಆರು ಜನರವರೆಗೆ ಸಣ್ಣ ಗುಂಪು, ಏಳರಿಂದ ಹನ್ನೊಂದು ಜನರವರೆಗೆ ದೊಡ್ಡ ಗುಂಪು. ಬ್ರೈಟ್ ಏಂಜೆಲ್ ಕ್ಯಾಂಪ್‌ಗ್ರೌಂಡಿನಲ್ಲಿ ಸಣ್ಣ ಗುಂಪಿನ ಜಾಗಗಳು ಮೂವತ್ತರ ಆಸುಪಾಸಿನಲ್ಲಿದ್ದರೆ ದೊಡ್ಡ ಗುಂಪಿಗೆ ಇರುವುದು ಎರಡೇ. ಅರ್ಧ ದಾರಿಯಲ್ಲಿರುವ ಹವಸುಪೈ ಗಾರ್ಡನ್ಸ್‌ನಲ್ಲಿ ಒಂದೇ ಒಂದು. ಎಂಟು ಜನರನ್ನು ನಾಲ್ಕು ನಾಲ್ಕಾಗಿ ಒಡೆದು ಎರಡು ಅರ್ಜಿ ಹಾಕಿ ಒಂದೇ ಕಡೆ ಇಳಿಯುವ ಜಾಣತನ ಬೇಡ, ಅದಕ್ಕೆ ಅನುಮತಿಯಿಲ್ಲ. ಮೂರು ಮನೆಗಳಲ್ಲಿ ತೀರಾ ಚಿಕ್ಕ ಮಕ್ಕಳಿದ್ದರೆ ಒಬ್ಬ ಹಿರಿಯರೊಂದಿಗೆ ಅವರು ಮೇಲೆ, ಅಂಚಿನಲ್ಲಿರುವ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಉಳಿಯಲಿ. ಅಲ್ಲಿಗೆ ಬ್ಯಾಕ್‌ಕಂಟ್ರಿ ಪರ್ಮಿಟ್ ಬೇಡ, ಬೇರೆ ಬುಕಿಂಗ್ ಇದೆ. ಆರು ಜನ ಎಂದು ಬರೆದ ಕೂಡಲೇ ನಿಮ್ಮ ಅವಕಾಶ ಎಷ್ಟೋ ಪಟ್ಟು ಹೆಚ್ಚುತ್ತದೆ.

ಲಾಟರಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಗೆದ್ದವರ ಕೈಗೆ ಪರ್ಮಿಟ್ ಬರುವುದಿಲ್ಲ. ಉಳಿದವರಿಗಿಂತ ಮುಂಚೆ ಒಳಹೊಕ್ಕು ಜಾಗ ಆರಿಸಿಕೊಳ್ಳುವ ಒಂದು ದಿನ, ಒಂದು ಹೊತ್ತು ಅವರಿಗೆ ಗೊತ್ತಾಗುತ್ತದೆ, ಅಷ್ಟೆ. ಸೋತವರಿಗೆ ಬಾಗಿಲು ಮುಚ್ಚುವುದೂ ಇಲ್ಲ. ಈಗ ಎಲ್ಲವೂ ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದ ಮೂಲಕ ನಡೆಯುತ್ತದೆ. ನವೆಂಬರ್‌ನಲ್ಲಿ ಹೊರಡುವವರು ಜೂನ್ 16ರಿಂದ ಜುಲೈ 1ರೊಳಗೆ ಲಾಟರಿಗೆ ಅರ್ಜಿ ಹಾಕಬೇಕು. ಗೆದ್ದವರು ತಮ್ಮ ಸರದಿಯಲ್ಲಿ ಆರಿಸಿಕೊಂಡ ಮೇಲೆ ಉಳಿದದ್ದು ಜುಲೈ 20ರಂದು ಎಲ್ಲರಿಗೂ ತೆರೆಯುತ್ತದೆ, ಮೊದಲು ಬಂದವರಿಗೆ ಮೊದಲು. ಬೇರೆ ತಿಂಗಳುಗಳಿಗೂ ಇದೇ ಕ್ರಮ, ತಿಂಗಳನ್ನಷ್ಟೇ ಹಿಂದೆ ಮುಂದೆ ಸರಿಸಿಕೊಂಡರಾಯಿತು. ಬಳಿಕ ಯಾರಾದರೂ ರದ್ದು ಮಾಡಿದರೆ ಆ ಜಾಗಗಳೂ ಅಲ್ಲಿಯೇ ಮರಳಿ ಕಾಣಿಸಿಕೊಳ್ಳುತ್ತವೆ. ತಾಳ್ಮೆಯಿಂದ ದಿನಕ್ಕೊಮ್ಮೆ ನೋಡುವವರಿಗೆ ಅವು ಸಿಗುವುದುಂಟು. ಕೊನೆಯ ಗಳಿಗೆಯವರಿಗೆಂದು ಕಣಿವೆಯ ದಕ್ಷಿಣದ ಅಂಚಾದ ಸೌತ್ ರಿಮ್‌ನ ಬ್ಯಾಕ್‌ಕಂಟ್ರಿ ಮಾಹಿತಿ ಕೇಂದ್ರದಲ್ಲಿ ಕೆಲವೇ ಪರ್ಮಿಟ್‌ಗಳನ್ನು ಖುದ್ದಾಗಿ ಬಂದವರಿಗೆ ಕೊಡುವ ಪದ್ಧತಿಯೂ ಇದೆ. ನಿಮ್ಮಂತಹ ದೊಡ್ಡ ಗುಂಪು ಅದನ್ನು ನಂಬಿ ಹೊರಡಬಾರದು. ಯಾರ ಹೆಸರಿನಲ್ಲಿ ಪರ್ಮಿಟ್ ಇದೆಯೋ ಅವರು ಗುಂಪಿನಲ್ಲಿರಲೇಬೇಕು, ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಆದ್ದರಿಂದ ಆಫೀಸಿನಿಂದ ಕೊನೆಯ ಕ್ಷಣದಲ್ಲಿ ಕರೆ ಬರುವ ಸಾಧ್ಯತೆ ಯಾರಿಗೆ ಕಡಿಮೆಯೋ ಅವರ ಹೆಸರಿನಲ್ಲಿ ಅರ್ಜಿ ಹಾಕಿ.

ಇಂಟರ್ನೆಟ್ಟಿನಲ್ಲಿ ನೀಲಿಹಸಿರು ನೀರಿನ ಜಲಪಾತದ ಚಿತ್ರಗಳನ್ನು ನೋಡಿ ಅದೂ ಇದೇ ಪರ್ಮಿಟ್‌ನಲ್ಲಿ ಸೇರಿದೆ ಎಂದುಕೊಳ್ಳುವವರಿದ್ದಾರೆ. ಅದು ಹವಾಸು ಜಲಪಾತ, ಹವಸುಪೈ ಎಂಬ ಮೂಲನಿವಾಸಿ ಜನರ ಸ್ವಂತ ನೆಲ. ಅಲ್ಲಿಗೆ ಅವರದೇ ಪ್ರತ್ಯೇಕ ಅನುಮತಿ ಬೇಕು, ದಾರಿಯೂ ಬೇರೆ. ಹವಸುಪೈ ಗಾರ್ಡನ್ಸ್ ಪಾರ್ಕಿನೊಳಗೇ ಇದೆ. ಹಳೆಯ ನಕ್ಷೆಗಳಲ್ಲಿ ಅದು ಇಂಡಿಯನ್ ಗಾರ್ಡನ್ ಎಂದಿರುತ್ತದೆ. ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಹವಸುಪೈ ಕುಟುಂಬಗಳನ್ನು ಪಾರ್ಕಿನವರು ಹೊರಹಾಕಿದ್ದರಿಂದ, ಅವರ ಕೋರಿಕೆಯಂತೆ 2022ರಲ್ಲಿ ಹೆಸರು ಬದಲಾಯಿತು.

ಈಗ ಜೂನ್ ತಿಂಗಳ ಮಾತು. ಬೇಸಿಗೆಯ ನಡುವೆ ಜಾಗ ಖಾಲಿ ಕಂಡರೆ ಅದನ್ನು ಅದೃಷ್ಟವೆಂದು ತಿಳಿಯಬೇಡಿ; ಬಲ್ಲವರು ಏಕೆ ಬಿಟ್ಟಿದ್ದಾರೆ ಎಂದು ಕೇಳಿಕೊಳ್ಳಿ. ಸೌತ್ ರಿಮ್ ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರದಲ್ಲಿದೆ, ಕೊಲರಾಡೊ ನದಿಯ ದಂಡೆ ಸುಮಾರು 730 ಮೀಟರಿನಲ್ಲಿ. ಅಂಚಿನಲ್ಲಿ ಹಿತವಾದ 27 ಡಿಗ್ರಿ ಸೆಲ್ಸಿಯಸ್ ಇರುವ ಜೂನ್ ಮಧ್ಯಾಹ್ನ ತಳದಲ್ಲಿ 38 ಆಗಿರುತ್ತದೆ, ಅದೂ ಸರಾಸರಿ, ಅದೂ ನೆರಳಿನಲ್ಲಿ. ಜುಲೈನಲ್ಲಿ ಸರಾಸರಿಯೇ 41. ಕೆಳಗಿಳಿದಂತೆ ಗಾಳಿಯ ಒತ್ತಡ ಹೆಚ್ಚಿ ಅದು ಬಿಸಿಯಾಗುವುದು ಒಂದು ಕಾರಣವಾದರೆ, ನದಿಯ ಇಕ್ಕೆಲದ ಕಪ್ಪು ಬಂಡೆಗೋಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ಕತ್ತಲಾದ ಮೇಲೂ ಹೊರಗೆ ಬಿಡುತ್ತಿರುವುದು ಇನ್ನೊಂದು ಕಾರಣ. (ಆ ಬಂಡೆಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ವಿಷ್ಣು ಶಿಸ್ಟ್, ಮಾವನವರಿಗೆ ಹೇಳಿ, ಖುಷಿಪಡುತ್ತಾರೆ.) ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ದಾರಿಯಲ್ಲಿ ನಡೆಯಲೇಬೇಡಿ ಎಂದು ಪಾರ್ಕಿನವರು ಹೇಳುವುದು ಈ ಕಾರಣಕ್ಕೆ.

ಮರಳುಗಾಡಿನಲ್ಲಿ ಮಳೆಯ ಭಯವಿಲ್ಲ ಎಂಬ ನಂಬಿಕೆಯೂ ಸುಳ್ಳು. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆಯ ಕಾಲ, ಇಲ್ಲಿನವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. 1997ರ ಆಗಸ್ಟ್ 12ರಂದು ಇದೇ ರಾಜ್ಯದ ಆ್ಯಂಟಿಲೋಪ್ ಕ್ಯಾನ್ಯನ್ನಿನಲ್ಲಿ ಹನ್ನೊಂದು ಜನ ಕೊಚ್ಚಿಹೋದಾಗ ಮಳೆ ಸುರಿದದ್ದು ಮೈಲುಗಳಾಚೆ. ಬಂಡೆಯ ನೆಲ ನೀರನ್ನು ಹೀರಿಕೊಳ್ಳುವುದಿಲ್ಲ, ಎಲ್ಲೋ ಬಿದ್ದದ್ದೆಲ್ಲ ಇಕ್ಕಟ್ಟಾದ ಕಂದರಕ್ಕೆ ನುಗ್ಗುತ್ತದೆ. ನೀವು ಹೋಗುವ ಮುಖ್ಯ ದಾರಿಗಳಲ್ಲಿ ಈ ಅಪಾಯ ಅಷ್ಟಿಲ್ಲವಾದರೂ, ಪಕ್ಕದ ಸಣ್ಣ ಕಂದರಗಳಿಗೆ ಮಕ್ಕಳು ಆಟವಾಡುತ್ತ ಹೋಗದಂತೆ ನೋಡಿಕೊಳ್ಳಿ.

ಬೆಳಿಗ್ಗೆ ಇಳಿದು ಸಂಜೆ ಹತ್ತುವ ಸಲಹೆ ಕಾನೂನಿನ ಮಟ್ಟಿಗೆ ಸರಿ: ರಾತ್ರಿ ಉಳಿಯದಿದ್ದರೆ ಪರ್ಮಿಟ್ ಬೇಡ. ಆದರೆ ಅಂಚಿನಿಂದ ನದಿಗೆ ಹೋಗಿ ಅದೇ ದಿನ ಮರಳುವ ಪ್ರಯತ್ನ ಮಾಡಬೇಡಿ ಎಂದು ಪಾರ್ಕಿನವರು ದಾರಿಯುದ್ದಕ್ಕೂ ಫಲಕ ಹಾಕಿದ್ದಾರೆ, ಬೇಸಿಗೆಯಲ್ಲಿ ಸ್ವಯಂಸೇವಕರನ್ನು ನಿಲ್ಲಿಸಿ ಬಾಯಿಬಿಟ್ಟೂ ಹೇಳಿಸುತ್ತಾರೆ. ಪರ್ಮಿಟ್ ತಪ್ಪಿಸಿಕೊಳ್ಳುವ ಉಪಾಯವಾಗಿ ಇದನ್ನು ಆರಿಸಿಕೊಂಡವರು ಮೂರು ದಿನದ ದಣಿವನ್ನು ಒಂದೇ ದಿನಕ್ಕೆ ತುರುಕಿದಂತಾಗುತ್ತದೆ.

ಮಾವನವರ ಕುಮಾರಪರ್ವತದ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲೆಕ್ಕಕ್ಕೆ ತೆಗೆದುಕೊಂಡರೆ ಕುಕ್ಕೆಯಿಂದ ಶಿಖರದವರೆಗಿನ ಏರು ಇಲ್ಲಿನದಕ್ಕಿಂತ ಹೆಚ್ಚೇ ಇದೆ. ಆದರೆ ಅಲ್ಲಿ ಹತ್ತುವಾಗ ಸುಸ್ತಾದರೆ ಭಟ್ಟರ ಮನೆಯಲ್ಲಿ ಕುಳಿತು, ಊಟ ಮಾಡಿ, ಇವತ್ತಿಗೆ ಸಾಕೆಂದು ಇಳಿದುಬಿಡಬಹುದು. ದಣಿವು ಬಂದಾಗ ಮನೆಯ ದಾರಿ ಇಳಿಜಾರಿನಲ್ಲಿರುತ್ತದೆ. ಕಣಿವೆಯಲ್ಲಿ ಇದು ತಲೆಕೆಳಗು. ಮೊದಲ ದಿನ ಎಲ್ಲರೂ ಶೂರರು. ಕಾಲು ಸೋತಿದೆ ಎಂದು ತಿಳಿಯುವ ಹೊತ್ತಿಗೆ ಮನೆ 1,300 ಮೀಟರ್ ಮೇಲಿರುತ್ತದೆ, ಹತ್ತುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಚಾಮುಂಡಿ ಬೆಟ್ಟ ಮೈಸೂರಿನ ನೆಲದಿಂದ ಸುಮಾರು 300 ಮೀಟರ್. ಹವಸುಪೈ ಗಾರ್ಡನ್ಸ್‌ನಿಂದ ಅಂಚಿಗೆ ಬರುವುದೆಂದರೆ ಅದನ್ನು ಮೂರು ಸಲ ಬಿಡದೆ ಹತ್ತಿದಂತೆ, ಬೆನ್ನ ಮೇಲೆ ಚೀಲದೊಂದಿಗೆ. ನದಿಯಿಂದಲೇ ಒಂದೇ ದಿನದಲ್ಲಿ ಹತ್ತುವುದಾದರೆ ನಾಲ್ಕೂವರೆ ಸಲ.

ಆದ್ದರಿಂದ ನಿಮ್ಮ ಮುಂದಿರುವ ದಾರಿಗಳನ್ನು ಹತ್ತುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡಿ.

ನನ್ನ ಮೊದಲ ಆಯ್ಕೆ ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಎರಡು ರಾತ್ರಿ. ಸೌತ್ ಕೈಬಾಬ್ ದಾರಿಯಲ್ಲಿ ಇಳಿದು ಮೊದಲ ರಾತ್ರಿ ಬ್ರೈಟ್ ಏಂಜೆಲ್ ಕ್ಯಾಂಪ್‌ಗ್ರೌಂಡಿನಲ್ಲಿ, ಮರುದಿನ ಎಂಟು ಕಿಲೋಮೀಟರ್ ಮಾತ್ರ ನಡೆದು ಎರಡನೆಯ ರಾತ್ರಿ ಹವಸುಪೈ ಗಾರ್ಡನ್ಸ್‌ನಲ್ಲಿ, ಮೂರನೆಯ ದಿನ ಬ್ರೈಟ್ ಏಂಜೆಲ್ ದಾರಿಯಲ್ಲಿ ಮೇಲಕ್ಕೆ. ಆ ತಿಂಗಳು ತಳದಲ್ಲಿ ಹಗಲು ಸರಾಸರಿ 20 ಡಿಗ್ರಿ, ರಾತ್ರಿ 8ರ ಸುಮಾರು. ಏರು ಎರಡು ದಿನಕ್ಕೆ ಹಂಚಿಹೋಗುವುದೇ ಇದರ ದೊಡ್ಡ ಲಾಭ. ತೊಡಕುಗಳೂ ಇವೆ: ಸೌತ್ ಕೈಬಾಬ್‌ನ 11 ಕಿಲೋಮೀಟರ್‌ಗಳಲ್ಲಿ ಒಂದು ಹನಿ ನೀರು ಸಿಗುವುದಿಲ್ಲ, ನೆರಳೂ ಇಲ್ಲವೆನ್ನಬಹುದು, ಇಳಿಜಾರು ಕಡಿದು. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಆ ಇಳಿಯುವಿಕೆಯೇ ಪೀಡೆ. ಆ ದಾರಿಯ ಬಾಯಿಯವರೆಗೆ ಸ್ವಂತ ಕಾರು ಬಿಡುವುದಿಲ್ಲ, ಬೆಳಗಿನ ಜಾವದ ಪಾರ್ಕ್ ಬಸ್ಸನ್ನೇ ಹಿಡಿಯಬೇಕು. ನವೆಂಬರ್ ರಾತ್ರಿ ಅಂಚಿನಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವುದರಿಂದ ಮೇಲಿನ ತಿರುವುಗಳಲ್ಲಿ ಮಂಜುಗಟ್ಟಿರಬಹುದು. ಬೂಟಿಗೆ ಕಟ್ಟಿಕೊಳ್ಳುವ ಮೈಕ್ರೋಸ್ಪೈಕ್ಸ್ ಚೀಲದಲ್ಲಿರಲಿ. ಹಗಲೂ ಚಿಕ್ಕದು, ಪ್ರತಿಯೊಬ್ಬರಿಗೂ ಒಂದು ತಲೆದೀಪ ಬೇಕು.

ಮಾವನವರ ದೃಷ್ಟಿಯಿಂದ ಇನ್ನೂ ಸೌಮ್ಯವಾದ ದಾರಿಯೊಂದಿದೆ. ಬ್ರೈಟ್ ಏಂಜೆಲ್ ದಾರಿಯಲ್ಲಿಯೇ ಇಳಿದು ಎರಡು ರಾತ್ರಿಯೂ ಹವಸುಪೈ ಗಾರ್ಡನ್ಸ್‌ನಲ್ಲಿ ಉಳಿಯುವುದು. ಒಂದು ಬಿಡಾರದಲ್ಲಿ ಎರಡು ರಾತ್ರಿಗೆ ನಿಯಮ ಅವಕಾಶ ಕೊಡುತ್ತದೆ. ಅಲ್ಲಿ ತೊರೆ ಹರಿಯುತ್ತದೆ, ಕಾಟನ್‌ವುಡ್ ಮರಗಳ ನೆರಳಿದೆ. ನಡುವಿನ ದಿನ ಬರಿಗೈಯಲ್ಲಿ ಎರಡೂವರೆ ಕಿಲೋಮೀಟರ್ ನಡೆದರೆ ಪ್ಲಾಟೋ ಪಾಯಿಂಟ್; ಅಲ್ಲಿಂದ ಕೊಲರಾಡೊ ನದಿ ನೇರ ಕಾಲ ಕೆಳಗೆ ಕಾಣುತ್ತದೆ. ನದಿಯಲ್ಲಿ ಕಾಲಿಡಲಿಲ್ಲವೆಂಬ ಕೊರಗು ಉಳಿಯಬಹುದು. ಆದರೆ ಮಾವನವರೊಂದಿಗೆ ಹವಸುಪೈ ಗಾರ್ಡನ್ಸ್‌ನಲ್ಲಿ ಒಬ್ಬರು ಉಳಿದು, ಗಟ್ಟಿಗರಷ್ಟೇ ಆ ದಿನ ಹಗುರವಾಗಿ ನದಿಗೆ ಹೋಗಿ ಬರುವುದಕ್ಕೆ ನವೆಂಬರ್‌ನಲ್ಲಿ ಅಡ್ಡಿಯಿಲ್ಲ. ನಿಮ್ಮ ಪತ್ರ ಓದಿದ ಮೇಲೆ, ನಾನೇ ನಿಮ್ಮ ಗುಂಪಿನ ಮುಂದಾಳಾಗಿದ್ದರೆ ಇದನ್ನೇ ತುಂಬುತ್ತಿದ್ದೆ.

ಬ್ರೈಟ್ ಏಂಜೆಲ್‌ನಲ್ಲಿ ಒಂದೇ ರಾತ್ರಿ ಉಳಿದು ಮರುದಿನ ನೇರವಾಗಿ ಅಂಚಿಗೆ, 15 ಕಿಲೋಮೀಟರ್‌ಗೂ ಹೆಚ್ಚು ಹತ್ತುವ ನಿಮ್ಮ ಮೂಲ ಯೋಜನೆ ನಲವತ್ತರೊಳಗಿನವರಿಗೆ, ತಂಪು ತಿಂಗಳಲ್ಲಿ ಸರಿ. ಮಾವನವರಿಗೆ ಬೇಡ.

ನೀರಿನ ವಿಷಯದಲ್ಲಿ ನೀವು ಕೇಳಿದ್ದು ಎಷ್ಟು ಹೊರಬೇಕೆಂದು. ಅದರೊಂದಿಗೆ ಎಷ್ಟು ಉಪ್ಪು ಎಂದೂ ಕೇಳಬೇಕು. ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಖರ್ಚಾಗುತ್ತದೆ, ತಂಪಿನಲ್ಲಿ ಕಡಿಮೆ. ನವೆಂಬರ್‌ನಲ್ಲಿ ಸೌತ್ ಕೈಬಾಬ್ ಇಳಿಯಲು ತಲಾ ಮೂರು ಲೀಟರ್ ಇಟ್ಟುಕೊಳ್ಳಿ. ಆದರೆ ನೀರು ಕುಡಿದಷ್ಟೂ ಒಳ್ಳೆಯದೆಂಬುದು ಈ ಕಣಿವೆಯಲ್ಲಿ ಅಪಾಯಕಾರಿಯಾದ ನಂಬಿಕೆ. ಬೆವರಿನೊಂದಿಗೆ ಸೋಡಿಯಂ ಹೋಗುತ್ತದೆ. ಏನೂ ತಿನ್ನದೆ ಬರಿ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ಇದೇ ಹೈಪೊನೇಟ್ರಿಮಿಯಾ. ವಾಕರಿಕೆ, ತಲೆನೋವು, ಸುಸ್ತು, ಇವೆಲ್ಲ ಬಿಸಿಲಿನ ಬಳಲಿಕೆಯಂತೆಯೇ ಕಾಣುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸುತ್ತಾರೆ, ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಗುರುತಿಸಲು ನೆರವಾಗುವ ಸಂಗತಿಗಳಿವೆ: ಬೆರಳುಗಳು ಊದಿ ಉಂಗುರ ಬಿಗಿಯಾಗಿರುವುದು, ಮೂತ್ರ ನೀರಿನಂತೆ ತಿಳಿಯಾಗಿ ಪದೇ ಪದೇ ಬರುತ್ತಿರುವುದು, ಬೆಳಗಿನಿಂದ ಏನೂ ತಿಂದಿಲ್ಲವೆಂಬುದು. ಹಾಗಿದ್ದರೆ ನೀರು ನಿಲ್ಲಿಸಿ ಉಪ್ಪಿನ ತಿಂಡಿ ಕೊಡಿ. ಮಾತು ತೊದಲಿದರೆ, ದಿಕ್ಕುತಪ್ಪಿದವರಂತೆ ಆಡಿದರೆ ಕಾರಣ ಯಾವುದೇ ಇರಲಿ, ಅದು ತುರ್ತು ಪರಿಸ್ಥಿತಿ. ಮೈ ಕಾದಿದ್ದರೆ ನೆರಳಿಗೆ ತಂದು ಬಟ್ಟೆ ಸಮೇತ ನೀರಿನಲ್ಲಿ ತೋಯಿಸಿ, ಸಹಾಯಕ್ಕೆ ಕರೆಯಿರಿ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಚಪಾತಿ, ಚಟ್ನಿಪುಡಿ, ಖಾರದ ಅವಲಕ್ಕಿ, ಕಡಲೆಕಾಯಿ, ಚಕ್ಕುಲಿ, ಸಂಜೆಗೆ ಬಿಸಿನೀರು ಸುರಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣ. ಜೊತೆಗೆ ಕೆಲವು ಓಆರ್‌ಎಸ್ ಪುಡಿ. ಅರ್ಧ ಗಂಟೆಗೊಮ್ಮೆ ಒಂದು ಹಿಡಿ ಬಾಯಿಗೆ ಹೋಗುತ್ತಿರಲಿ. ಕಟ್ಟಿಗೆ ಬೆಂಕಿಗೆ ಅನುಮತಿಯಿಲ್ಲ, ಗ್ಯಾಸ್ ಸ್ಟೌ ಸಾಕು. ಬಿಡಾರದಲ್ಲಿ ಪ್ರತಿ ಜಾಗಕ್ಕೂ ಲೋಹದ ಪೆಟ್ಟಿಗೆಯಿದೆ, ತಿನ್ನುವುದೆಲ್ಲವನ್ನೂ, ಟೂತ್‌ಪೇಸ್ಟನ್ನೂ, ಅದರಲ್ಲಿಡಿ. ಖಾಲಿಯಾದ ಚೀಲವನ್ನು ಅಲ್ಲಿನ ಕಂಬಕ್ಕೆ ತೂಗುಹಾಕಿ ಜಿಪ್‌ಗಳನ್ನು ತೆರೆದೇ ಬಿಡಿ. ಮುಚ್ಚಿದ ಜೇಬಿನಲ್ಲಿ ಒಂದು ಕಡಲೆಕಾಯಿ ಉಳಿದಿದ್ದರೂ ಅಲ್ಲಿನ ಅಳಿಲು ಬಟ್ಟೆಯನ್ನೇ ಕಡಿದು ಒಳಹೋಗುತ್ತದೆ. ಕಸವೆಲ್ಲ ನಿಮ್ಮೊಂದಿಗೇ ಮೇಲೆ ಬರಬೇಕು.

ದಾರಿಯ ನಲ್ಲಿಗಳನ್ನು ಪೂರ್ತಿ ನಂಬಬೇಡಿ. ಉತ್ತರದ ರೋರಿಂಗ್ ಸ್ಪ್ರಿಂಗ್ಸ್‌ನಿಂದ ನೀರು ತರುವ ಕೊಳವೆ 1960ರ ದಶಕದ್ದು, ಆಗಾಗ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಒಡೆದಾಗ ಸೌತ್ ರಿಮ್‌ನ ವಸತಿಗೃಹಗಳನ್ನೇ ಕೆಲದಿನ ಮುಚ್ಚಿದರು. ಅದನ್ನು ಬದಲಿಸುವ ಕಾಮಗಾರಿಯಿಂದಾಗಿ ದಾರಿಗಳೂ ಬಿಡಾರಗಳೂ ನಡುನಡುವೆ ಬಂದ್ ಆಗುತ್ತಿವೆ. 2025ರ ಜುಲೈನ ಡ್ರ್ಯಾಗನ್ ಬ್ರಾವೋ ಕಾಳ್ಗಿಚ್ಚು ನಾರ್ತ್ ರಿಮ್‌ನ ಕಡೆ ಬಹಳ ಹಾನಿ ಮಾಡಿದೆ. ಅರ್ಜಿ ಹಾಕುವ ದಿನವೂ, ಹೊರಡುವ ಹಿಂದಿನ ದಿನವೂ ಪಾರ್ಕಿನ ಜಾಲತಾಣದಲ್ಲಿ ಯಾವ ದಾರಿ ತೆರೆದಿದೆ, ಯಾವ ನಲ್ಲಿ ಬರುತ್ತಿದೆ ಎಂದು ನೋಡಿ. ಚಳಿಗಾಲಕ್ಕೆ ಮೇಲಿನ ವಿಶ್ರಾಂತಿ ತಾಣಗಳ ನಲ್ಲಿಗಳನ್ನು ಹೇಗೂ ನಿಲ್ಲಿಸುತ್ತಾರೆ. ತೊರೆಯ ನೀರನ್ನು ಶುದ್ಧಮಾಡುವ ಫಿಲ್ಟರ್ ಅಥವಾ ಮಾತ್ರೆ ಗುಂಪಿನಲ್ಲಿ ಇಬ್ಬರ ಬಳಿಯಾದರೂ ಇರಲಿ.

ಮಾವನವರ ಬಿ.ಪಿ. ಮಾತ್ರೆ ಯಾವುದೆಂದು ನೀವು ಬರೆದಿಲ್ಲ, ಅದು ಮುಖ್ಯ. ಮೂತ್ರ ಹೆಚ್ಚಿಸುವ ಜಾತಿಯ ಮಾತ್ರೆಯಾದರೆ ಅದು ನೀರನ್ನೂ ಸೋಡಿಯಂ ಅನ್ನೂ ಹೊರಹಾಕುತ್ತದೆ; ಬೀಟಾ ಬ್ಲಾಕರ್ ಆದರೆ ಏರಿನಲ್ಲಿ ಹೃದಯದ ಬಡಿತ ಬೇಕಾದಷ್ಟು ಏರದೆ ಬೇಗ ಸುಸ್ತು ಬರುತ್ತದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬರಿದೇ ಟ್ರೆಕ್ಕಿಂಗ್ ಹೋಗಬಹುದೇ ಎಂದು ವೈದ್ಯರನ್ನು ಕೇಳಿದರೆ ಹೋಗಿ ಬನ್ನಿ ಎಂದಾರು. ಮೂರು ದಿನ, 930 ಮೀಟರ್ ಏರು, ಬೆವರು, ಹೆಚ್ಚು ಉಪ್ಪಿನ ಊಟ ಎಂದು ಬಿಡಿಸಿ ಹೇಳಿ, ಆ ದಿನಗಳಿಗೆ ಮಾತ್ರೆಯ ಪ್ರಮಾಣ ಹೀಗೇ ಇರಬೇಕೇ ಎಂದು ಕೇಳಿ. ಉಪ್ಪಿನ ಬಗ್ಗೆ ನಾನು ಮೇಲೆ ಹೇಳಿದ್ದು ಅವರಿಗೆ ಎಷ್ಟು ಅನ್ವಯಿಸುತ್ತದೆಂಬುದನ್ನೂ ಆ ವೈದ್ಯರೇ ಹೇಳಬೇಕು.

ಈಗಿನಿಂದ ಅಭ್ಯಾಸಕ್ಕೆ ಫೀನಿಕ್ಸ್‌ನ ಸೌತ್ ಮೌಂಟನ್ ಸಾಕು, ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಮುಗಿಸಿ. ಚೀಲದ ಭಾರವನ್ನು ವಾರ ವಾರ ಏರಿಸುತ್ತ, ಇಳಿಯುವುದನ್ನೂ ಅಭ್ಯಾಸ ಮಾಡಿ. ತೊಡೆಯ ಮುಂಭಾಗದ ಸ್ನಾಯುಗಳು ನೋಯುವುದು ಇಳಿಯುವಾಗಲೇ. ಮಾವನವರಿಗೆ ಎರಡು ಊರುಗೋಲು ಕೊಡಿಸಿ. ಹೊರಡುವ ಎರಡು ಮೂರು ದಿನ ಮೊದಲು ಎಲ್ಲರೂ ಕಾಲುಗುರು ಕತ್ತರಿಸಿಕೊಳ್ಳಿ, ಇಳಿಯುವ ಮುನ್ನ ಬೂಟಿನ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಹೆಜ್ಜೆ ಹೆಜ್ಜೆಗೂ ಹೆಬ್ಬೆರಳು ಬೂಟಿನ ಮೂತಿಗೆ ಬಡಿದು ಸಂಜೆಗೆ ಉಗುರು ಕಪ್ಪಾಗಿರುತ್ತದೆ. ಭಾರ ಹೆಚ್ಚೆನಿಸಿದರೆ ಮ್ಯೂಲ್‌ಗಳ (ಹೇಸರಗತ್ತೆಗಳ) ಮೇಲೆ ತಳದವರೆಗೆ ಚೀಲ ಸಾಗಿಸುವ ಹಣದ ಸೇವೆಯೂ ಇದೆ, ಅದಕ್ಕೆ ಮುಂಚಿತವಾಗಿ ಕಾಯ್ದಿರಿಸಬೇಕು.

ಕೊನೆಯದಾಗಿ, ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇರುತ್ತದೆಂದು ಎಣಿಸಬೇಡಿ. ಮುಖ್ಯ ದಾರಿಗಳಲ್ಲಿ ಅಲ್ಲಲ್ಲಿ ತುರ್ತು ಫೋನ್‌ಗಳಿವೆ, ಅವು ಎಲ್ಲಿವೆಯೆಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಸಾಧ್ಯವಾದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೊಂದನ್ನು ಬಾಡಿಗೆಗೆ ತನ್ನಿ. ಮಾವನವರ ಪ್ರವಾಸಿ ವಿಮೆಯ ಪತ್ರವನ್ನು ತೆಗೆದು ಎರಡು ಸಂಗತಿ ನೋಡಿ: ಮೊದಲೇ ಇದ್ದ ಬಿ.ಪಿ.ಯಿಂದ ಉಂಟಾಗುವ ತೊಂದರೆಗೆ ರಕ್ಷೆ ಇದೆಯೇ, ಹೆಲಿಕಾಪ್ಟರ್‌ನಲ್ಲಿ ಸಾಗಿಸಿದರೆ ಅದರ ವೆಚ್ಚ ಕೊಡುತ್ತಾರೆಯೇ. ಇವೆರಡಕ್ಕೂ ಉತ್ತರ ಜೂನ್ 16ಕ್ಕೆ ಮೊದಲೇ ಕೈಯಲ್ಲಿರಲಿ, ಏಕೆಂದರೆ ಅರ್ಜಿಯಲ್ಲಿ ಐದು ಜನರೋ ಆರು ಜನರೋ ಎಂಬುದು ಅದರ ಮೇಲೆ ನಿಂತಿದೆ.